ತಂತಿರಹಿತ ಡ್ರಿಲ್: ಕೊಳ್ಳುವುದೋ, ಬಾಡಿಗೆಗೆ ಪಡೆಯುವುದೋ?

ಬಾಗಿಲಿನ ಕೀಲು ಸಡಿಲವಾದಾಗ, ಕಿಟಕಿಗೆ ಸೊಳ್ಳೆಪರದೆ ಕೂರಿಸಬೇಕಾದಾಗ, ಗೋಡೆಗೆ ಪಾತ್ರೆಯ ಸ್ಟ್ಯಾಂಡ್ ಬಿಗಿಯಬೇಕಾದಾಗ ಬಡಗಿಗೆ ಹೇಳಿಕಳುಹಿಸುವುದು ನಮ್ಮ ಹಳ್ಳಿಗಳ ವಾಡಿಕೆ. ಇಂತಹ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ಬಯಸುವ ಗೃಹಸ್ಥರು ಈಗ ಬ್ಯಾಟರಿಯಿಂದ ನಡೆಯುವ ಡ್ರಿಲ್ ಹಾಗೂ ಸ್ಕ್ರೂಡ್ರೈವರ್‌ಗಳನ್ನು ಕೊಳ್ಳುತ್ತಿದ್ದಾರೆ. ಕೊಳ್ಳುವವರು ವೋಲ್ಟೇಜ್ ಹಾಗೂ ಬೆಲೆಯನ್ನು ವಿಚಾರಿಸುತ್ತಾರೆಯೇ ಹೊರತು ಬ್ಯಾಟರಿಯ ಆಯುಷ್ಯವನ್ನು ವಿಚಾರಿಸುವುದು ಅಪರೂಪ. ವಾಸ್ತವದಲ್ಲಿ ಲಾಭನಷ್ಟವನ್ನು ನಿರ್ಧರಿಸುವುದು ಅದೇ. ಹಾಸನ ತಾಲ್ಲೂಕಿನ ದುದ್ದ ಹೋಬಳಿಯ ಒಬ್ಬ ಗೃಹಸ್ಥ, ಒಬ್ಬ ಬಡಗಿ ಹಾಗೂ ಒಬ್ಬ ಹಾರ್ಡ್‌ವೇರ್ ವರ್ತಕರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಲೆಕ್ಕವನ್ನು ಪರಿಶೀಲಿಸೋಣ.

ಉಪಕರಣದ ಹಿನ್ನೆಲೆ

ಕೈಯಲ್ಲಿ ಹಿಡಿದು ಬಳಸುವ ವಿದ್ಯುತ್ ಡ್ರಿಲ್ಲನ್ನು ಜರ್ಮನಿಯ ಫೈನ್ ಸಂಸ್ಥೆಯು 1895ರಲ್ಲಿ ತಯಾರಿಸಿತು. ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್ ಸಂಸ್ಥೆಯು 1961ರಲ್ಲಿ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯ ತಂತಿರಹಿತ ಡ್ರಿಲ್ಲನ್ನು ಹೊರತಂದಿತು. ಬಾಷ್ ಸಂಸ್ಥೆಯು 2003ರಲ್ಲಿ ಲಿಥಿಯಂ-ಅಯಾನ್ ಬ್ಯಾಟರಿಯುಳ್ಳ ಸ್ಕ್ರೂಡ್ರೈವರನ್ನು ಪರಿಚಯಿಸಿದ ನಂತರ ಉಪಕರಣಗಳು ಹಗುರವಾದವು. ಹಳೆಯ ನಿಕಲ್ ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಿ ಚಾರ್ಜ್ ಮಾಡುವ ರೂಢಿಯಿತ್ತು. ಲಿಥಿಯಂ ಬ್ಯಾಟರಿಗೆ ಆ ರೂಢಿಯಿಂದ ಹಾನಿಯೇ ಹೆಚ್ಚು.

ವೆಚ್ಚವಿರುವುದು ಬ್ಯಾಟರಿಯಲ್ಲಿ

18 ವೋಲ್ಟ್, 2 ಆಂಪಿಯರ್-ಅವರ್ ಬ್ಯಾಟರಿಯೊಂದು ಹಿಡಿಯುವ ಶಕ್ತಿ 36 ವ್ಯಾಟ್-ಅವರ್. ಚಾರ್ಜರ್‌ನಲ್ಲಿ ಆಗುವ ನಷ್ಟವನ್ನು ಸೇರಿಸಿ 50 ಎಂದು ಹಿಡಿದರೂ ಅದು ಒಂದು ಯೂನಿಟ್‌ನ ಇಪ್ಪತ್ತನೆಯ ಒಂದು ಭಾಗ ಮಾತ್ರ. ಯೂನಿಟ್‌ಗೆ 6 ರೂ. ಎಂದಾದರೆ ಒಂದು ಬಾರಿ ಚಾರ್ಜ್ ಮಾಡಲು ತಗಲುವ ವಿದ್ಯುತ್ತಿನ ವೆಚ್ಚ 30 ಪೈಸೆ.

ಆದರೆ ಬ್ಯಾಟರಿಗೆ ಎರಡು ಬಗೆಯ ಸವಕಳಿಯುಂಟು. ಒಂದು, ಬಳಕೆಯಿಂದ ಆಗುವುದು. ಮತ್ತೊಂದು, ಕಾಲದಿಂದ ಆಗುವುದು. ಬಳಸದೆ ಪೆಟ್ಟಿಗೆಯಲ್ಲಿಟ್ಟರೂ ಅದರ ಸಾಮರ್ಥ್ಯ ವರ್ಷದಿಂದ ವರ್ಷಕ್ಕೆ ಕುಗ್ಗುತ್ತದೆ. ಉದಾಹರಣೆಗಾಗಿ ಡ್ರಿಲ್, ಚಾರ್ಜರ್ ಹಾಗೂ ಒಂದು ಬ್ಯಾಟರಿ ಸೇರಿದ ಸೆಟ್ಟಿನ ಬೆಲೆ 5,000 ರೂ. ಎಂದೂ, ಬ್ಯಾಟರಿಯ ಆಯುಷ್ಯ 500 ಚಾರ್ಜ್ ಅಥವಾ 5 ವರ್ಷ, ಇವುಗಳಲ್ಲಿ ಮೊದಲು ಮುಗಿಯುವುದು ಎಂದೂ ಭಾವಿಸೋಣ.

1. ಬಡಗಿಯು ವರ್ಷಕ್ಕೆ 250 ದಿನ, ದಿನಕ್ಕೊಮ್ಮೆ ಚಾರ್ಜ್ ಮಾಡಿ ಬಳಸಿದರೆ ಎರಡು ವರ್ಷಗಳಲ್ಲಿ 500 ದಿನಗಳ ಕೆಲಸ ದೊರೆಯುತ್ತದೆ. ಇಡೀ ಸೆಟ್ಟಿನ ಬೆಲೆಯನ್ನು ಅಷ್ಟರಲ್ಲಿಯೇ ತೊಡೆದುಹಾಕಿದರೂ ದಿನವೊಂದಕ್ಕೆ ಬೀಳುವ ವೆಚ್ಚ 10 ರೂ.

2. ಗೃಹಸ್ಥರು ವರ್ಷಕ್ಕೆ 4 ದಿನ ಬಳಸಿದರೆ 5 ವರ್ಷಗಳಲ್ಲಿ ದೊರೆಯುವುದು 20 ದಿನಗಳ ಕೆಲಸ. ದಿನವೊಂದಕ್ಕೆ ಬೀಳುವ ವೆಚ್ಚ 250 ರೂ.

ಅದೇ ಸೆಟ್ಟು ದಿನಕ್ಕೆ 100 ರೂ. ಬಾಡಿಗೆಗೆ ದೊರೆಯುವಂತಿದ್ದರೆ, 5 ವರ್ಷಗಳಲ್ಲಿ 50 ದಿನಗಳಿಗಿಂತ ಕಡಿಮೆ, ಅಂದರೆ ವರ್ಷಕ್ಕೆ 10 ದಿನಗಳಿಗಿಂತ ಕಡಿಮೆ ಬಳಸುವವರಿಗೆ ಬಾಡಿಗೆಯೇ ಲೇಸು. ಅಂಗಡಿಯವರಿಗೂ 50 ದಿನಗಳ ಬಾಡಿಗೆಯಲ್ಲಿ ಬಂಡವಾಳ ಮರಳುತ್ತದೆ. ತಿಂಗಳಿಗೆ ನಾಲ್ಕು ಬಾಡಿಗೆ ಬಂದರೂ ವರ್ಷವೊಂದಕ್ಕಿಂತ ಸ್ವಲ್ಪ ಹೆಚ್ಚಿನ ಅವಧಿ ಸಾಕು. ರಿಪೇರಿ ವೆಚ್ಚವನ್ನು ಇದಕ್ಕೆ ಸೇರಿಸಿಕೊಳ್ಳಬೇಕು. ಡ್ರಿಲ್ ಬಿಟ್‌ಗಳನ್ನು ಬಾಡಿಗೆಗೆ ಕೊಡದೆ ಮಾರುವುದು ಉತ್ತಮ.

ಸರಿಯಾದ ಬಳಕೆ

ತಪ್ಪು ಬಳಕೆಯಿಂದ ಮೇಲಿನ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಆದ್ದರಿಂದ ಈ ಕೆಳಗಿನ ಅಂಶಗಳನ್ನು ಗಮನದಲ್ಲಿಡತಕ್ಕದ್ದು.

ಅ) ಸ್ಕ್ರೂ ಬಿಗಿಯಲು ಕಡಿಮೆ ವೇಗದ 1ನೇ ಗೇರ್, ಮರಕ್ಕೆ ರಂಧ್ರ ಕೊರೆಯಲು 2ನೇ ಗೇರ್ ಸೂಕ್ತ. ಮುಂಭಾಗದ ಅಂಕಿಗಳುಳ್ಳ ಉಂಗುರವು ಬಿಗಿತದ ಮಿತಿಯನ್ನು ನಿಗದಿಪಡಿಸುತ್ತದೆ. ಸಣ್ಣ ಅಂಕಿಯಿಂದ ಆರಂಭಿಸಿ ಹೆಚ್ಚಿಸುತ್ತ ಹೋದರೆ ಸ್ಕ್ರೂವಿನ ತಲೆ ಸವೆಯದು, ಮರವೂ ಸೀಳದು.

ಆ) ಹಲಸು, ಹೊನ್ನೆ, ತೇಗದಂತಹ ಮರಗಳಿಗೆ ಸ್ಕ್ರೂಗಿಂತ ತೆಳ್ಳನೆಯ ಬಿಟ್‌ನಿಂದ ಮೊದಲು ರಂಧ್ರ ಕೊರೆಯಬೇಕು.

ಇ) ಇಟ್ಟಿಗೆ ಹಾಗೂ ಸಿಮೆಂಟ್ ಬ್ಲಾಕ್ ಗೋಡೆಗೆ ಹ್ಯಾಮರ್ ಸೌಲಭ್ಯವುಳ್ಳ ಡ್ರಿಲ್ಲೂ ಕಾರ್ಬೈಡ್ ತುದಿಯ ಬಿಟ್ಟೂ ಅಗತ್ಯ. ಕಲ್ಲುಗೋಡೆ ಮತ್ತು ಆರ್‌ಸಿಸಿ ತೊಲೆಗಳಿಗೆ ಮನೆಬಳಕೆಯ ತಂತಿರಹಿತ ಡ್ರಿಲ್ ಸಲ್ಲದು. ಅಲ್ಲಿ ತಂತಿಯುಳ್ಳ ರೋಟರಿ ಹ್ಯಾಮರ್ ಬಳಸುವುದೇ ಯೋಗ್ಯ.

ಈ) ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ ಅಥವಾ ಪಕ್ಕಕ್ಕೆ ರಂಧ್ರ ಕೊರೆಯಬಾರದು, ಗೋಡೆಯೊಳಗಿನ ವಿದ್ಯುತ್ ತಂತಿ ಅಲ್ಲಿ ಹಾಯ್ದಿರುವ ಸಂಭವ ಹೆಚ್ಚು. ಕನ್ನಡಕ ಧರಿಸತಕ್ಕದ್ದು, ಸಡಿಲ ಉಡುಪು ಕೂಡದು.

ಉ) ಬಹುದಿನ ಬಳಸದಿದ್ದಲ್ಲಿ ಬ್ಯಾಟರಿಯನ್ನು ಅರ್ಧದಷ್ಟು ಚಾರ್ಜ್‌ನಲ್ಲಿ, ಬಿಸಿಲು ತಾಗದ ತಂಪು ಸ್ಥಳದಲ್ಲಿಡಬೇಕು. ಒಂದು ಸಂಸ್ಥೆಯ ಬ್ಯಾಟರಿ ಮತ್ತೊಂದರ ಉಪಕರಣಕ್ಕೆ ಸಾಮಾನ್ಯವಾಗಿ ಹೊಂದುವುದಿಲ್ಲ. ಆದುದರಿಂದ ಕೊಳ್ಳುವ ಮುನ್ನವೇ ಹಾಸನದಲ್ಲಿ ಬದಲಿ ಬ್ಯಾಟರಿ ದೊರೆಯುವುದೇ ಎಂದು ವಿಚಾರಿಸುವುದು ವಿವೇಕ.

ವರ್ತಕರ ಗಮನಕ್ಕೆ ತೆರಿಗೆಯ ಅಂಶಗಳು

ಡ್ರಿಲ್ ಹಾಗೂ ಲಿಥಿಯಂ ಬ್ಯಾಟರಿ ಎರಡಕ್ಕೂ ಜಿಎಸ್‌ಟಿ ದರ ಶೇ. 18. ಸಾಮಾನ್ಯ ಪದ್ಧತಿಯಲ್ಲಿ ನೋಂದಾಯಿತ ವರ್ತಕರು ಬಾಡಿಗೆಗಾಗಿ ಕೊಂಡ ಉಪಕರಣದ ಮೇಲೆ ಹೂಡುವಳಿ ತೆರಿಗೆ ಜಮೆ ಪಡೆಯಬಹುದು. ಬಾಡಿಗೆಯ ಮೇಲೆ ತೆರಿಗೆ ವಿಧಿಸಬೇಕು. ಕಾಂಪೋಸಿಷನ್ ಪದ್ಧತಿಯವರಿಗೆ ಈ ಜಮೆ ಇಲ್ಲ. ಅವರು ಸಲ್ಲಿಸುವ ಸೇವೆಯ ಮೌಲ್ಯವು ಹಿಂದಿನ ವರ್ಷದ ವಹಿವಾಟಿನ ಶೇ. 10 ಅಥವಾ 5 ಲಕ್ಷ ರೂ., ಇವುಗಳಲ್ಲಿ ಹೆಚ್ಚಿನದನ್ನು ಮೀರುವಂತಿಲ್ಲ.

ನೋಂದಣಿಯಿಲ್ಲದ ಸಣ್ಣ ವರ್ತಕರು ಇನ್ನಷ್ಟು ಎಚ್ಚರದಿಂದಿರಬೇಕು. ಕರ್ನಾಟಕದಲ್ಲಿ 40 ಲಕ್ಷ ರೂ. ವಹಿವಾಟಿನವರೆಗಿನ ವಿನಾಯಿತಿಯು ಕೇವಲ ಸರಕು ಮಾರುವವರಿಗೆ ಮಾತ್ರ. ಉಪಕರಣವನ್ನು ಬಾಡಿಗೆಗೆ ಕೊಡುವುದು ಸೇವೆ ಎನಿಸುತ್ತದೆ. ಆಗ ಮಿತಿ 20 ಲಕ್ಷಕ್ಕೆ ಇಳಿಯುತ್ತದೆ. 30 ಲಕ್ಷ ವಹಿವಾಟಿನ ಅಂಗಡಿಯೊಂದು ಒಂದೇ ಒಂದು ಡ್ರಿಲ್ಲನ್ನು ಬಾಡಿಗೆಗೆ ಕೊಟ್ಟರೂ ನೋಂದಣಿಯ ಹೊಣೆ ಬರುತ್ತದೆ. ಈ ವ್ಯವಹಾರಕ್ಕೆ ಇಳಿಯುವ ಮುನ್ನ ಇದನ್ನು ಅವಶ್ಯ ಪರಿಶೀಲಿಸತಕ್ಕದ್ದು.

ಆದಾಯ ತೆರಿಗೆಯಲ್ಲಿ ಇಂತಹ ಉಪಕರಣಗಳಿಗೆ ಸವಕಳಿ ದರ ಶೇ. 15, ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ ಹೊಸ ಉಪಕರಣಕ್ಕೆ ಅದರ ಅರ್ಧ. ಅಂದಾಜು ಆದಾಯ ಪದ್ಧತಿಯಲ್ಲಿ ತೆರಿಗೆ ಸಲ್ಲಿಸುವವರಿಗೆ ಸವಕಳಿ ಪ್ರತ್ಯೇಕವಾಗಿ ದೊರೆಯದು. ಆದುದರಿಂದ ತೆರಿಗೆ ಉಳಿಯುತ್ತದೆಂಬ ಕಾರಣಕ್ಕೆ ಅವರು ಕೊಳ್ಳುವುದರಲ್ಲಿ ಅರ್ಥವಿಲ್ಲ.

ಬಡಗಿಗಳಿಗೆ ನೆರವು

2023ರ ಸೆಪ್ಟೆಂಬರ್ 17ರಂದು ಆರಂಭವಾಗಿ 2027-28ರವರೆಗಿನ ಅವಧಿಗೆ ರೂಪಿತವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿತನವೂ ಸೇರಿದೆ. ಉಪಕರಣಗಳಿಗಾಗಿ 15,000 ರೂ.ವರೆಗೆ ಇ-ವೋಚರ್, ಶೇ. 5ರ ಬಡ್ಡಿಯಲ್ಲಿ ಮೊದಲ ಕಂತಾಗಿ 1 ಲಕ್ಷ ರೂ.ವರೆಗೆ ಸಾಲ ಈ ಯೋಜನೆಯಲ್ಲಿವೆ. ದುಬಾರಿ ಬಡ್ಡಿಯ ಕಂತಿನಲ್ಲಿ ಉಪಕರಣ ಕೊಳ್ಳುವ ಮುನ್ನ ಗ್ರಾಹಕರಾದ ಬಡಗಿಗಳಿಗೆ ಇದನ್ನು ತಿಳಿಸುವುದು ವರ್ತಕರ ಕರ್ತವ್ಯವೂ ಹೌದು, ವ್ಯಾಪಾರಕ್ಕೆ ಹಿತವೂ ಹೌದು. ಅಂತೆಯೇ, 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ಮನೆಯ ಕಸದೊಡನೆ ಎಸೆಯುವಂತಿಲ್ಲ. ಸಂಗ್ರಹಣೆ ಅಥವಾ ಮರುಬಳಕೆಯ ವ್ಯವಸ್ಥೆಗೆ ಒಪ್ಪಿಸಬೇಕು.

ಉಪಸಂಹಾರ

ಪ್ರತಿದಿನ ದುಡಿಯುವ ಕೈಗೆ ತಂತಿರಹಿತ ಡ್ರಿಲ್ ಅಗ್ಗದ ಆಸ್ತಿ. ವಿದ್ಯುತ್ ನಿಂತಾಗಲೂ, ಮೀಟರ್ ಬಾರದ ಹೊಸ ಮನೆಯಲ್ಲಿಯೂ ಅದು ಕೂಲಿಯ ದಿನವನ್ನು ಉಳಿಸುತ್ತದೆ. ವರ್ಷಕ್ಕೆ ನಾಲ್ಕು ಬಾರಿ ಹೊರತೆಗೆಯುವ ಮನೆಗೆ ಅದು ಪೆಟ್ಟಿಗೆಯಲ್ಲಿಯೇ ಸವೆಯುವ ಹಣ. ಗೃಹಸ್ಥರು ಕಳೆದ ವರ್ಷ ಎಷ್ಟು ದಿನ ಇಂತಹ ಕೆಲಸ ಬಿದ್ದಿತ್ತೆಂದು ಎಣಿಸಿ ನಿರ್ಧರಿಸಲಿ. ಹತ್ತಕ್ಕಿಂತ ಕಡಿಮೆಯಿರುವವರಿಗೆ ಬಾಡಿಗೆಯ ಸೌಲಭ್ಯ ಒದಗಿಸುವುದು ಹೋಬಳಿ ಮಟ್ಟದ ವರ್ತಕರು ಸಣ್ಣ ಬಂಡವಾಳದಲ್ಲಿ ಆರಂಭಿಸಬಹುದಾದ ವ್ಯವಹಾರ. ಮುಂಗಡ ಠೇವಣಿ, ಕೊಟ್ಟು-ತೆಗೆದುಕೊಂಡ ದಿನಾಂಕದ ವಹಿ, ಪ್ರತಿ ಬಾಡಿಗೆಗೂ ಬಿಲ್ಲು, ಇವು ಮೂರೂ ಮೊದಲ ದಿನದಿಂದಲೇ ಇರಲಿ.