ಮೊದಲು ರಕ್ತ ಕೊಡಿ, ಆಮೇಲೆ ಚಪಾತಿ ಬಿಡಿ

ಗೋಧಿ ಮೈಗೆ ಆಗುತ್ತಿಲ್ಲ ಎಂಬ ಅನುಮಾನ ಬಂದ ಕೂಡಲೇ ಗೋಧಿ ಬಿಡಬೇಡಿ. ತಿನ್ನುತ್ತಲೇ ಇರಿ, ತಿನ್ನುತ್ತಿರುವಾಗಲೇ ಹೋಗಿ ರಕ್ತ ಕೊಟ್ಟು ಬನ್ನಿ. ಈ ಒಂದು ಮಾತನ್ನು ಹೊತ್ತಿಗೆ ಸರಿಯಾಗಿ ಯಾರಾದರೂ ಹೇಳಿದ್ದರೆ ನನಗೆ ಬಹಳಷ್ಟು ಸಂಕಟ ತಪ್ಪುತ್ತಿತ್ತು. ಹೇಳಬೇಕಾದವರು ಹೇಳಲಿಲ್ಲ. ಹೇಳಬಾರದವರು ಬೇಕಾದಷ್ಟು ಹೇಳಿದರು.

ಹೇಳಬಾರದವರಲ್ಲಿ ಮೊದಲಿಗರು ನಮ್ಮ ಭಾವನವರು. ಪೇಟೆಯಲ್ಲಿ ಔಷಧ ಅಂಗಡಿ ಇಟ್ಟುಕೊಂಡಿರುವುದರಿಂದ ಮನೆಮಂದಿಗೆಲ್ಲ ಅವರೇ ಡಾಕ್ಟರು. ನನ್ನ ಹಿಮೋಗ್ಲೋಬಿನ್ ವರ್ಷಗಟ್ಟಲೆ 8 ದಾಟಿರಲಿಲ್ಲ. ಊಟವಾಗಿ ಅರ್ಧ ತಾಸಿಗೆ ಹೊಟ್ಟೆ ಉಬ್ಬಿ ಸೀರೆ ಬಿಗಿಯಾಗುತ್ತಿತ್ತು, ಬಾಯಿಹುಣ್ಣು ಮಾಯುತ್ತಿರಲಿಲ್ಲ, ಭೇದಿ ನಿಂತರೂ ವಾರಕ್ಕಿಂತ ಹೆಚ್ಚು ನಿಲ್ಲುತ್ತಿರಲಿಲ್ಲ. ಭಾವನವರು ಕಬ್ಬಿಣದ ಮಾತ್ರೆಯ ಕಂಪನಿ ಬದಲಿಸಿ ಬದಲಿಸಿ ಕೊಟ್ಟರು. ಒಂದು ದಿನ ಮೊಬೈಲಿನಲ್ಲಿ ಯಾವುದೋ ವಿಡಿಯೊ ನೋಡಿಕೊಂಡು ಬಂದು, “ಗೋಧಿ ಬಿಡವಾ ಮದಲ. ಎರಡ ತಿಂಗಳು ಬಿಟ್ಟ ನೋಡು, ತಾನ ಗೊತ್ತಾಗತೈತಿ” ಅಂದರು.

ಬಿಟ್ಟೆ. ಆರಾಮವೂ ಆಯಿತು. ಭಾವನವರು ಅಂಗಡಿಗೆ ಬಂದವರ ಮುಂದೆಲ್ಲ ಹೇಳಿಕೊಂಡು ಓಡಾಡಿದರು. ಆದರೆ ಇದಕ್ಕೆ ಹೆಸರೇನು, ಎಷ್ಟು ದಿನ ಬಿಡಬೇಕು, ಹಬ್ಬಕ್ಕೊಂದು ಹೋಳಿಗೆ ತಿಂದರೆ ಏನಾಗುತ್ತದೆ ಎಂದು ಕೇಳಿದರೆ ಅವರ ಹತ್ತಿರ ಉತ್ತರವಿರಲಿಲ್ಲ. ಕೇಳಲು ನಾನು ಶಹರದ ದೊಡ್ಡ ಫಿಜಿಶಿಯನ್ ಒಬ್ಬರ ಹತ್ತಿರ ಹೋದೆ. ಸೀಲಿಯಾಕ್, ಅಂದರೆ ಗೋಧಿಯಂಥ ಧಾನ್ಯದ ಗ್ಲುಟೆನ್ ಎಂಬ ಪ್ರೋಟೀನಿನಿಂದ ಕರುಳು ಕೆಡುವ ಕಾಯಿಲೆ, ಇರಬಹುದೇ ಸರ್ ಎಂದಾಗ ಅವರು ನಕ್ಕರು. “ಅದು ಪಂಜಾಬ್, ಹರಿಯಾಣದವರ ಕಾಯಿಲೆ ಅಮ್ಮಾ. ನಮ್ಮ ಕಡೆ ಎಲ್ಲಿ?” ಎನ್ನುತ್ತಲೇ ಟಿಟಿಜಿ ಐಜಿಎ ಎಂಬ ಪ್ರತಿಕಾಯದ ರಕ್ತಪರೀಕ್ಷೆ ಬರೆದರು. ನೆಗೆಟಿವ್ ಬಂತು. ನೋಡಿದಿರಾ, ನಿಮಗೇನೂ ಇಲ್ಲ, ಟೆನ್ಶನ್ ಕಡಿಮೆ ಮಾಡಿಕೊಳ್ಳಿ ಎಂದು ನಿದ್ರೆಯ ಮಾತ್ರೆ ಬರೆದು ಕಳಿಸಿದರು. ನೀವು ಈಗ ಗೋಧಿ ತಿನ್ನುತ್ತಿದ್ದೀರಾ ಎಂಬ ಪ್ರಶ್ನೆ ಅವರ ಬಾಯಿಂದ ಬರಲೇ ಇಲ್ಲ. ಗ್ಲುಟೆನ್ ಹೊಟ್ಟೆಗೆ ಬೀಳುತ್ತಿರುವ ತನಕ ಮಾತ್ರ ಆ ಪ್ರತಿಕಾಯ ರಕ್ತದಲ್ಲಿ ಎದ್ದು ಕಾಣುತ್ತದೆ. ತಿಂಗಳುಗಟ್ಟಲೆ ಬಿಟ್ಟವರಲ್ಲಿ ಅದು ಇಳಿದುಹೋಗುತ್ತದೆ. ಅದನ್ನು ತಿಳಿಯದವರು ಪರೀಕ್ಷೆ ಬರೆಯಬಾರದು.

‘ನಮ್ಮ ಕಡೆ ಇಲ್ಲ’ ಎಂಬ ಮಾತಿಗೂ ಉತ್ತರ ಇದೆ, ಆಮೇಲೆ ಓದಿಕೊಂಡೆ. 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆಯಲ್ಲಿ ಈ ಪ್ರತಿಕಾಯ ಉತ್ತರ ಭಾರತದ ಶೇ 1.23ರಷ್ಟು ಜನರಲ್ಲಿ ಸಿಕ್ಕಿತು, ದಕ್ಷಿಣದಲ್ಲಿ ಶೇ 0.10ರಷ್ಟು ಜನರಲ್ಲಿ. ಕಡಿಮೆಯೇ, ಒಪ್ಪಿದೆ. ಆದರೆ ಈ ಕಾಯಿಲೆಗೆ ಬೇಕಾದ ಜೀನ್ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿತ್ತು. ವ್ಯತ್ಯಾಸ ಇದ್ದದ್ದು ತಟ್ಟೆಯಲ್ಲಿ: ಅಲ್ಲಿ ಒಬ್ಬರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರೆ ಇಲ್ಲಿ 25 ಗ್ರಾಂ. ದಕ್ಷಿಣದ ಆ ಲೆಕ್ಕ ಬಂದದ್ದು ಅನ್ನ ಉಣ್ಣುವ ವೆಲ್ಲೂರಿನ ಕಡೆಯಿಂದ. ಎರಡು ಹೊತ್ತು ಚಪಾತಿ, ಮುಂಜಾನೆ ಉಪ್ಪಿಟ್ಟು ಎಂದು ಬದುಕುವ ನಮ್ಮ ಮನೆಗಳನ್ನು ಆ ಲೆಕ್ಕಕ್ಕೆ ಸೇರಿಸುವುದು ಹೇಗೆ?

ಕೊನೆಗೆ ಹುಬ್ಬಳ್ಳಿಯಲ್ಲಿ ಹೊಟ್ಟೆಯ ಕಾಯಿಲೆಯ ಡಾಕ್ಟರೊಬ್ಬರು ಸಿಕ್ಕರು, ವಯಸ್ಸಿನಲ್ಲಿ ನನಗಿಂತ ಚಿಕ್ಕ ಹೆಣ್ಣುಮಗಳು. ರಿಪೋರ್ಟು ನೋಡುವ ಮೊದಲೇ, “ಈ ರಕ್ತ ಕೊಟ್ಟಾಗ ಚಪಾತಿ ತಿಂತಿದ್ರೇನ್ರೀ?” ಎಂದು ಕೇಳಿದರು. ಇಲ್ಲ ಎಂದೆ. ಹಾಗಾದರೆ ಇದನ್ನು ಮರೆತುಬಿಡಿ ಎಂದು ರಿಪೋರ್ಟನ್ನು ಮಡಚಿ ವಾಪಸು ಕೊಟ್ಟರು. ಮೊದಲು ಜೀನ್ ಪರೀಕ್ಷೆ ಮಾಡಿಸಿದರು. ಡಿಕ್ಯೂ2, ಡಿಕ್ಯೂ8 ಎರಡೂ ಇಲ್ಲದಿದ್ದರೆ ಸೀಲಿಯಾಕ್ ಇಲ್ಲವೆಂದೇ ಹೇಳಬಹುದು. ಇದ್ದರೆ ಮಾತ್ರ ಏನೂ ಹೇಳಲಾಗದು, ಏಕೆಂದರೆ ಹತ್ತರಲ್ಲಿ ಮೂರ್ನಾಲ್ಕು ಜನರಿಗೆ ಅದು ಇದ್ದೇ ಇರುತ್ತದೆ. ನನಗೆ ಇತ್ತು. ಇನ್ನು ಉಳಿದದ್ದು ಒಂದೇ ದಾರಿ. 6ರಿಂದ 8 ವಾರ ದಿನಾ ಗೋಧಿ ತಿನ್ನಬೇಕು, ಆಮೇಲೆ ರಕ್ತ, ಎಂಡೋಸ್ಕೋಪಿ.

ಮನೆಯಲ್ಲಿ ಎಲ್ಲರೂ ಬೇಡ ಅಂದರು. ಬಿಟ್ಟು ಆರಾಮಿದ್ದೀ, ಮತ್ತೆ ಯಾಕೆ ತಿಂದು ಸಾಯುತ್ತೀ ಎಂದರು ನಮ್ಮನೆಯವರು. ನಾನು ಹಟ ಬಿಡಲಿಲ್ಲ, ಬಿಡದ್ದೇ ಒಳ್ಳೆಯದಾಯಿತು. ಇದು ಸೀಲಿಯಾಕ್ ಆಗಿದ್ದರೆ ಚೂರೂ ಬಾಯಿಗೆ ಹಾಕದೆ ಜೀವನಪೂರ್ತಿ ಇರಬೇಕು, ಎಲುಬಿನ ಪರೀಕ್ಷೆ ಮಾಡಿಸಬೇಕು, ಮಕ್ಕಳನ್ನೂ ಒಡಹುಟ್ಟಿದವರನ್ನೂ ನೋಡಬೇಕು. ಆಗಿರದಿದ್ದರೆ ಇಷ್ಟು ಕಟ್ಟುನಿಟ್ಟು ಬೇಕಿಲ್ಲ. ‘ಏನೋ ಆಗಲ್ಲ’ ಎಂಬ ಅಂದಾಜಿನ ಮೇಲೆ ಯಾರು ಜೀವನವಿಡೀ ಪಥ್ಯ ಮಾಡುತ್ತಾರೆ?

ದಿನಕ್ಕೆ ಎರಡು ಚಪಾತಿ. ಮೂರನೇ ದಿನಕ್ಕೇ ಹೊಟ್ಟೆ ಹಳೇ ಆಟ ಶುರುಮಾಡಿತು. ನಾನು ಬ್ಯಾಂಕಿನಲ್ಲಿ ಕ್ಯಾಶ್ ಕೌಂಟರಿನವಳು. ಸ್ವಲ್ಪ ದಿನದ ಮಟ್ಟಿಗೆ ನನ್ನನ್ನು ಕ್ಯಾಶಿನಿಂದ ತೆಗೆದು ಬೇರೆ ಟೇಬಲ್ ಕೊಡಿ ಎಂದು ಡಾಕ್ಟರ ಪತ್ರ ಲಗತ್ತಿಸಿ ಅರ್ಜಿ ಕೊಟ್ಟಿದ್ದೆ. ಮ್ಯಾನೇಜರು ಅದನ್ನು ಓದಿ, “ಬೇಕಂತಲೇ ಕಾಯಿಲೆ ತರಿಸಿಕೊಂಡರೆ ಬ್ಯಾಂಕ್ ಏನ್ ಮಾಡಬೇಕು ಮೇಡಂ?” ಎಂದು ಪೇಪರ್‌ವೇಟ್ ಕೆಳಗೆ ಇಟ್ಟರು. ಅದು ಅಲ್ಲಿಂದ ಏಳಲಿಲ್ಲ.

ಆಮೇಲೆ ಒಂದನೇ ತಾರೀಕು ಬಂತು. ಪೆನ್ಶನ್ ದಿನ. ಬಾಗಿಲು ತೆಗೆಯುವ ಹೊತ್ತಿಗೇ ಸಾಲು ಗೇಟಿನ ತನಕ ಇತ್ತು. ಹನ್ನೊಂದರ ಹೊತ್ತಿಗೆ ಹೊಕ್ಕಳ ಸುತ್ತ ತಿರುಚಿದಂತಾಯಿತು. ಕಿಟಕಿಯ ಆಚೆ ನಿವೃತ್ತ ಮಾಸ್ತರರೊಬ್ಬರು, ಹನ್ನೆರಡು ಸಾವಿರವನ್ನು ನೂರರ ನೋಟುಗಳಲ್ಲೇ ಕೇಳಿದರು. ಯಂತ್ರಕ್ಕೆ ಹಾಕಿದರೆ ಹಳೇ ನೋಟು, ನಡುನಡುವೆ ನಿಲ್ಲುತ್ತಿದೆ. ಕೈಯಲ್ಲೇ ಎಣಿಸತೊಡಗಿದೆ. ಬೆನ್ನಿನ ಮೇಲೆ ಬೆವರು ತಣ್ಣಗೆ ಇಳಿಯುತ್ತಿತ್ತು, ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಎಪ್ಪತ್ತರ ಹತ್ತಿರ ಲೆಕ್ಕ ತಪ್ಪಿತು. ಮತ್ತೆ ಮೊದಲಿನಿಂದ. ಕ್ಯಾಶಿನಲ್ಲಿ ಕೂತವರಿಗೆ ಗೊತ್ತು: ಎಣಿಸುತ್ತಿರುವ ನೋಟು ಬಿಟ್ಟು ಏಳುವಂತಿಲ್ಲ, ಡ್ರಾಯರಿಗೆ ಬೀಗ ಹಾಕದೆ ಏಳುವಂತಿಲ್ಲ, ಸಂಜೆ ಟ್ಯಾಲಿ ಆಗದಿದ್ದರೆ ಕೈಯಿಂದ ತುಂಬಬೇಕು. ಮಾಸ್ತರರ ದುಡ್ಡು ಎಣಿಸಿ ಮುಗಿಸಿದೆ, ಅವರೂ ಅಲ್ಲೇ ನಿಂತು ಉಗುಳು ಹಚ್ಚಿ ಎಣಿಸಿಕೊಂಡರು. ಡ್ರಾಯರಿಗೆ ಬೀಗ ಹಾಕಿ ಕೇಬಿನ್ನಿನಿಂದ ಹೊರಬಂದಾಗ ಸಾಲಿನಿಂದ ದನಿ ಬಂತು: “ಚಾ ಕುಡ್ಯಾಕ ಹೊಂಟ್ರೇನ್ರೀ ಮೇಡಂ? ನಾವ್ ಇಲ್ಲೇ ಒಣಗೂಣೇನು?”

ಹೆಂಗಸರ ಶೌಚಾಲಯದ ಬೀಗದ ಕೈ ಮ್ಯಾನೇಜರರ ಟೇಬಲ್ಲಿನ ಹಿಂದಿನ ಮೊಳೆಯಲ್ಲಿ ಇರುತ್ತದೆ. ಅವರು ಫೋನಿನಲ್ಲಿದ್ದರು. ನನ್ನನ್ನು ಕಂಡು ಸ್ವಲ್ಪ ತಡೆಯಿರಿ ಎಂದು ಅಂಗೈ ಎತ್ತಿದರು. ತಡೆದೆ. ಗೋಡೆ ಹಿಡಿದು ನಿಂತೆ. ಅವರು ರಿಜನಲ್ ಆಫೀಸಿನ ಜೊತೆ ಯಾವುದೋ ಟಾರ್ಗೆಟ್ಟಿನ ಮಾತಾಡುತ್ತಾ ನಕ್ಕರು. ಇನ್ನೊಂದು ಕ್ಷಣ ನಿಂತಿದ್ದರೆ ಅಲ್ಲೇ, ಅಷ್ಟು ಜನರ ಎದುರಿಗೇ, ಮಾನ ಹೋಗುತ್ತಿತ್ತು. ಅವರ ಕುರ್ಚಿಯ ಹಿಂದೆ ನುಗ್ಗಿ ಬೀಗದ ಕೈ ಕಿತ್ತುಕೊಂಡು ಓಡಿದೆ. ಒಳಗೆ ಎಷ್ಟು ಹೊತ್ತಿದ್ದೆನೋ ತಿಳಿಯದು. ಕಾಲಲ್ಲಿ ತ್ರಾಣವಿರಲಿಲ್ಲ, ಬಕೆಟ್ಟಿನ ಅಂಚು ಹಿಡಿದು ಎದ್ದೆ. ಜವಾನರಾಗಿದ್ದ ಹಿರಿಯ ಹೆಣ್ಣುಮಗಳು ಹೊರಗೆ ಉಪ್ಪು, ಸಕ್ಕರೆ ಹಾಕಿದ ನೀರು ಹಿಡಿದು ನಿಂತಿದ್ದರು. ಆ ದಿನ ನನ್ನನ್ನು ಮನುಷ್ಯಳೆಂದು ಕಂಡವರು ಅವರೊಬ್ಬರೇ. ನೀರು ಕುಡಿದು, ಮುಖ ತೊಳೆದು, ವಾಪಸು ಹೋಗಿ ಕೂತೆ. ಸಂಜೆ ಕ್ಯಾಶ್ ಒಂದು ರೂಪಾಯಿ ಹೆಚ್ಚುಕಡಿಮೆಯಿಲ್ಲದೆ ಟ್ಯಾಲಿ ಆಯಿತು. ಮ್ಯಾನೇಜರರು ಕೇಳಿದ್ದು ಒಂದೇ: ಬೀಗದ ಕೈ ಕೇಳದೆ ಯಾಕೆ ತೆಗೆದುಕೊಂಡಿರಿ?

ಎಂಡೋಸ್ಕೋಪಿಗೆ ಹೆದರುವವರಿಗೆ ಹೇಳುತ್ತೇನೆ, ಆ ಕೌಂಟರಿನ ಮುಂದೆ ಅದು ಏನೂ ಅಲ್ಲ. ಗಂಟಲಿಗೆ ಮರಗಟ್ಟಿಸುವ ಸ್ಪ್ರೇ ಹೊಡೆದು ಎಡಮಗ್ಗುಲಿಗೆ ಮಲಗಿಸುತ್ತಾರೆ, ಸ್ವಲ್ಪ ಹೊತ್ತು ಓಕರಿಕೆ, ಮುಗಿಯಿತು. ಜಠರ ದಾಟಿದ ಕೂಡಲೇ ಸಿಗುವ ಸಣ್ಣ ಕರುಳಿನ ಮೊದಲ ಭಾಗದಿಂದ ಕಡಿಮೆಯೆಂದರೂ ನಾಲ್ಕು ಚೂರು ತೆಗೆಯಬೇಕು, ಮೇಲಿನ ತುದಿಯಿಂದ ಇನ್ನೊಂದೆರಡು. ಹಾನಿ ಅಲ್ಲೊಂದು ಇಲ್ಲೊಂದು ಇರುವುದರಿಂದ ಒಂದೇ ಚೂರಿನಲ್ಲಿ ತಪ್ಪಿಹೋಗಬಹುದು. ನನ್ನ ರಿಪೋರ್ಟಿನಲ್ಲಿ ಮಾರ್ಷ್ 3ಬಿ ಎಂದಿತ್ತು. ಕರುಳಿನ ಒಳಗೋಡೆಯ ಕೂದಲೆಳೆಯಂಥ ಕುಚ್ಚುಗಳು ಬಹುಪಾಲು ಸವೆದುಹೋಗಿದ್ದವು. ಕಬ್ಬಿಣವನ್ನು ಮೈ ಹೀರಿಕೊಳ್ಳುವುದು ಮುಖ್ಯವಾಗಿ ಅಲ್ಲೇ. ಭಾವನವರ ಅಂಗಡಿಯ ಅಷ್ಟೂ ಮಾತ್ರೆ ನುಂಗಿದ್ದರೂ ಹಿಮೋಗ್ಲೋಬಿನ್ ಏರುತ್ತಿರಲಿಲ್ಲ. ಟಿಟಿಜಿ ಈ ಸಲ ಮಿತಿಯನ್ನು ಎಷ್ಟೋ ಪಟ್ಟು ದಾಟಿತ್ತು.

ಗೋಧಿ ಬಿಡುವುದು ನಮ್ಮ ಸೀಮೆಯವರಿಗೆ ಕಷ್ಟವಲ್ಲ ಎಂದುಕೊಂಡಿದ್ದೆ. ಜೋಳದ ರೊಟ್ಟಿ ಇದೆ, ಸಜ್ಜೆ ಇದೆ, ನವಣೆ ಇದೆ, ಅನ್ನ ಇದೆ. ಆದರೆ ಆರು ತಿಂಗಳಾದರೂ ಟಿಟಿಜಿ ಇಳಿಯಬೇಕಾದಷ್ಟು ಇಳಿಯಲಿಲ್ಲ. ಡಾಕ್ಟರು ಒಂದೊಂದೇ ಕೇಳುತ್ತಾ ಬಂದು ಗಿರಣಿಯ ಹತ್ತಿರ ನಿಂತರು. ಗಿರಣಿಯವನನ್ನು ವಿಚಾರಿಸಿದೆ. “ಗೋಧಿ ಬೀಸಿದ ಮ್ಯಾಲ ಜ್ವಾಳಾ ಹಾಕತೇನ್ರೀ. ಮುಷ್ಟಿ ಹಿಟ್ಟು ಕೂಡತೈತಿ, ಅಷ್ಟ. ಎಲ್ಲಾರ್ದೂ ಹಂಗ” ಎಂದ. ಅವನಿಗೆ ಮುಷ್ಟಿ ಲೆಕ್ಕಕ್ಕಿಲ್ಲ. ನಮ್ಮಂಥವರಿಗೆ ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ತಿಂಗಳಾನುಗಟ್ಟಲೆ ಹೋದರೂ ಕರುಳು ಕೆಡುತ್ತದೆ; ಚಿಟಿಕೆ ಗೋಧಿ ಹಿಟ್ಟಿನಲ್ಲೂ ಅಷ್ಟಿರುತ್ತದೆ. ಮನೆಗೇ ಸಣ್ಣ ಗಿರಣಿ ತಂದೆವು, ಅದಕ್ಕೆ ಗೋಧಿ ಸೋಕಿಸುವುದಿಲ್ಲ. ಮುಂದಿನ ಪರೀಕ್ಷೆಯಲ್ಲಿ ಟಿಟಿಜಿ ಇಳಿಯಿತು, ಹಿಮೋಗ್ಲೋಬಿನ್ ಹನ್ನೆರಡಕ್ಕೆ ಬಂತು.

ಇನ್ನು ನಾದಿನಿಯ ಮನೆಯ ಸತ್ಯನಾರಾಯಣ ಪೂಜೆ. ಸಜ್ಜಿಗೆ ಎಂದರೆ ಗೋಧಿ ರವೆಯೇ. ಕೈಗೆ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಪಕ್ಕದಲ್ಲಿದ್ದ ಮಗುವಿಗೆ ಕೊಟ್ಟೆ. ನಾದಿನಿ ನೋಡಿದಳು. “ವೈನಿ, ಪ್ರಸಾದಕ್ಕ ಹಂಗ ಮಾಡಬಾರದ್ರೀ. ಒಂದ ಚೂರು ಬಾಯಾಗ ಹಾಕ್ಕೋರಿ. ಎಲ್ಲಾ ಈಗಿನ ಫ್ಯಾಶನ್ ರೋಗ” ಎಂದಳು, ನಾಲ್ಕು ಜನ ಕೇಳುವಂತೆ. ಫ್ಯಾಶನ್ ಅಂತೆ. ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ ಗೋಧಿಯೇ ಇದಕ್ಕೆ ಕಾರಣವೆಂದು 1950ರ ತನ್ನ ಪ್ರಬಂಧದಲ್ಲಿ ಬರೆದಿದ್ದಾನೆ, ಆಗ ನಾದಿನಿಯೂ ಇರಲಿಲ್ಲ, ನಾನೂ ಇರಲಿಲ್ಲ. ಅಂದು ಹೇಳಲಿಲ್ಲ, ಇಂದು ಹೇಳುತ್ತಿದ್ದೇನೆ.

ಉಪಯೋಗಕ್ಕೆ ಬರುವ ನಾಲ್ಕು ಮಾತು:

ಟಿಟಿಜಿ ಜೊತೆಗೆ ಒಟ್ಟು ಐಜಿಎ ಎಷ್ಟಿದೆ ಎಂದೂ ನೋಡಿಸಿ. ಅದೇ ಕಡಿಮೆ ಇರುವವರಿಗೆ ಕಾಯಿಲೆ ಇದ್ದರೂ ಟಿಟಿಜಿ ನೆಗೆಟಿವ್ ಬರಬಹುದು.

ಇಂಗಿನ ಡಬ್ಬಿಯ ಹಿಂದೆ ಓದಿ. ಅಂಗಡಿಯ ಇಂಗಿಗೆ ಬಹಳ ಸಲ ಗೋಧಿ ಹಿಟ್ಟೋ ಮೈದಾವೋ ಬೆರೆಸಿರುತ್ತಾರೆ. ಸಾರು, ಹುಳಿ, ಉಪ್ಪಿನಕಾಯಿ, ಎಲ್ಲದರಲ್ಲೂ ಅದು ಇರುತ್ತದೆ. ಹೆಚ್ಚಿನ ಸೋಯಾ ಸಾಸಿನಲ್ಲೂ ಗೋಧಿ ಇದೆ. ಮಾಲ್ಟ್ ಎಂದರೆ ಸಾಮಾನ್ಯವಾಗಿ ಬಾರ್ಲಿ, ಅದೂ ಕೂಡದು.

ಇಡ್ಲಿ ರವೆ ಅಕ್ಕಿಯದು, ನಡೆಯುತ್ತದೆ. ರವೆ ಇಡ್ಲಿ, ರವೆ ದೋಸೆ, ಶಾವಿಗೆ, ಮದ್ದೂರು ವಡೆ ನಡೆಯುವುದಿಲ್ಲ. ಖಾನಾವಳಿಯ ಜೋಳದ ರೊಟ್ಟಿಗೆ ಗೋಧಿ ಹಿಟ್ಟು ಬೆರೆಸುತ್ತಾರೋ ಎಂದು ಬಾಯಿಬಿಟ್ಟು ಕೇಳಿ. ಮನೆಯಲ್ಲಿ ಹಂಚು, ಲಟ್ಟಣಿಗೆ ಬೇರೆ ಇಡಿ.

ಗ್ಲುಟೆನ್ ಮುಕ್ತ ಎಂದು ಬರೆಯಲು ಕೆಜಿಗೆ 20 ಮಿಲಿಗ್ರಾಂ ಮೀರಬಾರದೆಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವಿದೆ. ಆದರೂ ಆ ದುಬಾರಿ ಬಿಸ್ಕತ್ತಿಗಿಂತ ಮನೆಯ ರೊಟ್ಟಿಯೇ ವಾಸಿ.

ಕೊನೆಯದು ನನ್ನ ತಮ್ಮನಿಗೆ. ರೋಗಿಯ ಅಪ್ಪ, ಅಮ್ಮ, ಮಕ್ಕಳು, ಒಡಹುಟ್ಟಿದವರಲ್ಲಿ ಹೆಚ್ಚುಕಡಿಮೆ ಹತ್ತರಿಂದ ಹದಿಮೂರು ಜನರಲ್ಲಿ ಒಬ್ಬರಿಗೆ ಇದು ಇರುತ್ತದೆ, ಲಕ್ಷಣ ಇಲ್ಲದೆಯೂ. ಮಕ್ಕಳದ್ದು ಮಾಡಿಸಿದೆ, ಸದ್ಯಕ್ಕೆ ಇಲ್ಲ. ಅವನಿಗೆ ಎಷ್ಟು ಸಲ ಹೇಳಿದರೂ, “ನನಗೇನಾಗೇತಕ್ಕಾ, ಕಲ್ಲ ತಿಂದ್ರೂ ಕರಗಸ್ತೀನಿ” ಎನ್ನುತ್ತಾನೆ. ಅವನಿಗೂ ರಕ್ತ ಕಡಿಮೆ. ಅವನ ಹೆಂಡತಿಯ ಜೊತೆ ಮಾತಾಡಿದ್ದೇನೆ. ಈ ಶನಿವಾರ ಲ್ಯಾಬಿನವರು ಮನೆಗೇ ಬರುತ್ತಾರೆ. ಈ ಪರೀಕ್ಷೆಗೆ ಖಾಲಿ ಹೊಟ್ಟೆಯೂ ಬೇಕಿಲ್ಲ, ನಾಷ್ಟಾ ಮಾಡಿಯೇ ಕೂತಿರಲಿ.