ಆಯಸ್ಕಾಂತ ಎಳೆಯುವ ಮುಂಚೆ

ಹಳೇ ಸ್ಪೀಕರಿನ ಆಯಸ್ಕಾಂತಕ್ಕೆ ದಾರ ಕಟ್ಟಿ ನೆಲದ ಮೇಲೆ ಎಳೆದರೆ ಮೊಳೆ, ಲಾಳದ ಚೂರು, ಬೋಲ್ಟು ಅಂಟುತ್ತವೆ. ಗುಜರಿಯವರು ದುಡ್ಡು ಕೊಡ್ತಾರೆ. ಚಿನ್ನ, ಬೆಳ್ಳಿ, ತಾಮ್ರ ಅಂಟುವುದಿಲ್ಲ, ಆದ್ದರಿಂದ ನಿಧಿಯ ಆಸೆ ಬೇಡ!

ಗುಬ್ಬಿ ಸ್ಟೇಷನ್ ಕಡೆ ರೈಲು ಹಳಿಯ ಹತ್ತಿರ ಮಾತ್ರ ಹೋಗಲೇಬೇಡಿ. ಹಳಿಯೂ ಉಕ್ಕಿನದೇ ಅಲ್ವಾ? ಆಯಸ್ಕಾಂತ ಅದಕ್ಕೇ ಕಚ್ಚಿಕೊಳ್ಳುತ್ತದೆ. ಕೀಳುತ್ತಾ ಕೂತರೆ ರೈಲು ಬಂದದ್ದೇ ಗೊತ್ತಾಗಲ್ಲ. ಡ್ರೈವರು ಬ್ರೇಕ್ ಹಾಕಿದರೂ ಅದು ನೂರಾರು ಮೀಟರು ಮುಂದೆ ಬಂದೇ ನಿಲ್ಲುವುದು. ಹಳಿಯ ಬೋಲ್ಟು ಬಿಚ್ಚುವುದಂತೂ ಅಪರಾಧ.

ಕುಣಿಗಲ್ ದೊಡ್ಡಕೆರೆಯಂಥ ಕೆರೆಗಳಲ್ಲಿ ನೀರಿನ ಕೆಳಗೆ ಗುಂಡಿ ಇದ್ದರೂ ಕಾಣಿಸುವುದಿಲ್ಲ. ದಾರ ಸಿಕ್ಕಿಕೊಂಡರೆ ಬಿಟ್ಟು ಬನ್ನಿ, ಇಳಿಯಬೇಡಿ.

ನಾನು ತಮ್ಮನನ್ನು ಕರೆದುಕೊಂಡು ನಮ್ಮ ಕಣದಲ್ಲೇ ಎಳೆಯುತ್ತೇನೆ. ಮೇವಿನ ಜೊತೆ ಮೊಳೆ ಹಸುವಿನ ಹೊಟ್ಟೆ ಸೇರುವುದೂ ತಪ್ಪುತ್ತದೆ. ಚಪ್ಪಲಿ ಹಾಕಿರಿ. ಮೊಳೆ ಚುಚ್ಚಿದರೆ ಸೋಪುನೀರಿನಲ್ಲಿ ತೊಳೆದು, ಮನೆಯಲ್ಲಿ ಮುಚ್ಚಿಡದೆ ಹೇಳಿ, ಅವತ್ತೇ ಆಸ್ಪತ್ರೆಗೆ ಹೋಗಿ ಧನುರ್ವಾಯು ಇಂಜೆಕ್ಷನ್ ಬೇಕಾ ಎಂದು ಕೇಳಿ.