ಸಮವಸ್ತ್ರದ ಬಣ್ಣ

ಹದಿನೆಂಟನೆಯ ಶತಮಾನದಲ್ಲಿ ಯೂರೋಪಿನ ಸೈನಿಕರು ಕೆಂಪು, ನೀಲಿ, ಬಿಳಿ ಬಣ್ಣಗಳ ಉಡುಪನ್ನು ಧರಿಸಿ ರಣರಂಗಕ್ಕೆ ಇಳಿಯುತ್ತಿದ್ದರು. ಶತ್ರುವಿನ ಕಣ್ಣಿಗೆ ಎದ್ದುಕಾಣುವ ಈ ಉಡುಪು ಇಂದು ಅವಿವೇಕವೆಂದು ತೋರಬಹುದು. ಆದರೆ ಅದಕ್ಕೆ ಬಲವಾದ ಕಾರಣವಿದ್ದಿತು.

ಅಂದಿನ ಕೋವಿಗಳ ಗುರಿಯನ್ನು ನೂರು ಗಜಗಳಾಚೆಗೆ ನಂಬುವಂತಿರಲಿಲ್ಲ. ಆದುದರಿಂದ ಸೈನಿಕರು ಒತ್ತಾಗಿ ಸಾಲುಗಟ್ಟಿ ನಿಂತು ಒಮ್ಮೆಲೇ ಗುಂಡು ಹಾರಿಸುತ್ತಿದ್ದರು. ಕರಿಮದ್ದಿನ ದಟ್ಟ ಹೊಗೆಯು ರಣರಂಗವನ್ನೆಲ್ಲ ಕವಿಯುತ್ತಿತ್ತು. ಆ ಮಬ್ಬಿನಲ್ಲಿ ತಮ್ಮವರಾರು, ಹಗೆಗಳಾರು ಎಂಬುದನ್ನು ತಿಳಿಸುತ್ತಿದ್ದುದು ಉಡುಪಿನ ಬಣ್ಣವೇ. ದೂರದಲ್ಲಿ ನಿಂತ ಸೇನಾಪತಿಯೂ ಬಣ್ಣವನ್ನು ಕಂಡೇ ತನ್ನ ದಳಗಳನ್ನು ಗುರುತಿಸುತ್ತಿದ್ದನು.

ಮುಂದೆ ಕೋವಿಗಳ ಗುರಿ ಬಹುದೂರ ಮುಟ್ಟುವಂತಾಯಿತು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇ ಎಂಬ ವಿಜ್ಞಾನಿಯು ಹೊಗೆ ಕವಿಯದ ಮದ್ದನ್ನು ಸಿದ್ಧಪಡಿಸಿದನು. ರಣರಂಗವು ತಿಳಿಯಾಯಿತು, ಸೈನಿಕನನ್ನು ಕಾಪಾಡುತ್ತಿದ್ದ ಬಣ್ಣವೇ ಅವನಿಗೆ ಮೃತ್ಯುವಾಯಿತು. ಭಾರತದ ವಾಯವ್ಯ ಗಡಿಯಲ್ಲಿ 1840ರ ದಶಕದಲ್ಲಿ ಬಳಕೆಗೆ ಬಂದಿದ್ದ ಮಣ್ಣಿನ ಬಣ್ಣದ ಖಾಕಿಯನ್ನು ಬ್ರಿಟಿಷರು ಕ್ರಮೇಣ ತಮ್ಮ ಸೇನೆಗೆಲ್ಲ ವಿಸ್ತರಿಸಿದರು. ಫ್ರೆಂಚರಾದರೋ ಕೆಂಪು ಷರಾಯಿಯು ರಾಷ್ಟ್ರದ ಗೌರವವೆಂದು ಬಗೆದು ಅದನ್ನು ಬಿಡಲೊಪ್ಪಲಿಲ್ಲ. 1914ರ ಆಗಸ್ಟ್ ತಿಂಗಳಿನಲ್ಲಿ ಅದನ್ನೇ ಧರಿಸಿ ಮುನ್ನುಗ್ಗಿದ ಸಹಸ್ರಾರು ತರುಣರು ಜರ್ಮನರ ಮೆಷಿನ್‌ಗನ್ನು, ಫಿರಂಗಿಗಳಿಗೆ ಬಲಿಯಾದರು. 1915ರಲ್ಲಿ ಫ್ರಾನ್ಸ್ ಮಸುಕು ನೀಲಿ ಉಡುಪನ್ನು ಸ್ವೀಕರಿಸಿತು.

ಸಂಪ್ರದಾಯವು ಹುಟ್ಟಿದ ಕಾರಣವನ್ನು ಮರೆತು ಅದನ್ನು ಉಳಿಸಿಕೊಂಡವರು ತೆತ್ತ ಬೆಲೆ ಅದು.